ತೆರಿಗೆ ನಿಮಗೆ, ಸುತ್ತಿಗೆ ನಮಗೆ: ಆಕ್ಲೆಂಡಿನ ಒಂದು ಡೈರಿಯಿಂದ ಬಹಿರಂಗ ಪತ್ರ

ನ್ಯೂಜಿಲೆಂಡಿನ ಆರೋಗ್ಯ, ಪೊಲೀಸ್ ಮತ್ತು ಹಣಕಾಸು ಮಂತ್ರಿಗಳಿಗೆ, ಹಾಗೇ ಈ ದೇಶದಲ್ಲಿರುವ, ಇಲ್ಲಿಗೆ ಬರಬೇಕು ಅಂದುಕೊಂಡಿರುವ ನಮ್ಮ ಕನ್ನಡದವರಿಗೆ,

ನಮಸ್ಕಾರ.

ಮಂತ್ರಿಗಳಿಗೆ ಕನ್ನಡದಲ್ಲಿ ಯಾಕೆ ಬರೀತಿದ್ದೀಯಾ ಅಂತ ಯಾರಾದರೂ ಕೇಳಬಹುದು. ಇಂಗ್ಲಿಷಿನಲ್ಲಿ ಒಂದು ಪುಟ ಬರೆದು ಕಳಿಸಿ ಆಗಿದೆ. ಬರೆದು ಮುಗಿಸಿ ಓದಿದರೆ ಅದು ನನ್ನ ಕಾಗದದ ಥರ ಇರಲಿಲ್ಲ, ಬ್ಯಾಂಕಿಗೆ ಕೊಟ್ಟ ಅರ್ಜಿ ಥರ ಇತ್ತು. ಮಗಳು ಅದನ್ನು ನೋಡಿ, "ಅಪ್ಪ, ನೀನು ಮನೇಲಿ ಬೈಯ್ಯೋ ಹಾಗೆ ಕನ್ನಡದಲ್ಲೇ ಬರಿ, ಇಂಗ್ಲಿಷ್ ನಾನು ಮಾಡ್ಕೋತೀನಿ" ಅಂದಳು. ಹಾಗಾಗಿ ಇದು. ಮಂತ್ರಿಗಳಿಗೆ ಅವಳ ಇಂಗ್ಲಿಷ್ ತಲುಪುತ್ತದೆ. ನಿಮಗೆ ನೇರವಾಗಿ ಇದೇ ಇರಲಿ.

ಊರಿನವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಡೈರಿ ಅಂದರೆ ಹಾಲಿನ ಡೈರಿ ಅಲ್ಲ. ನಾನು ಡೈರಿ ತಗೊಂಡೆ ಅಂತ 2011ರಲ್ಲಿ ಫೋನ್ ಮಾಡಿದಾಗ ನಮ್ಮ ದೊಡ್ಡಪ್ಪ ಎಷ್ಟು ಹಸು ಅಂತ ಕೇಳಿದ್ದರು. ಡೈರಿ ಅಂದರೆ ಬೀದಿ ಮೂಲೆಯ ಅಂಗಡಿ. ಹಾಲು, ಬ್ರೆಡ್ಡು, ಬಿಸಿ ಪೈ, ಮಕ್ಕಳಿಗೆ ಪೊಟ್ಟಣ ಕಟ್ಟಿಟ್ಟ ಮಿಠಾಯಿ, ಬೇಸಿಗೆಯಲ್ಲಿ ಕೋನ್ ಐಸ್‌ಕ್ರೀಮು, ನಾಯಿಗೆ ತಿಂಡಿ, ರಾತ್ರಿ ಏಳಕ್ಕೆ ನೆನಪಾಗುವ ಬ್ಯಾಟರಿ ಸೆಲ್ಲು. ಆಕ್ಲೆಂಡಿನಲ್ಲಿ ಇಂಥ ಅಂಗಡಿಯ ಕೌಂಟರ್ ಹಿಂದೆ ನಿಂತಿರುವುದು ಬಹುಪಾಲು ನಮ್ಮ ದೇಶದವರೇ. ಗುಜರಾತಿಗಳು, ಪಂಜಾಬಿಗಳು ಜಾಸ್ತಿ. ನನ್ನಂಥ ಪಿರಿಯಾಪಟ್ಟಣದವರು ಅಪರೂಪ.

ಇನ್ನು ನಮ್ಮ ಅಂಗಡಿಗೆ ಸಿಗರೇಟು ದೋಚಲು ನುಗ್ಗಿದ ಆ ದಿನದ ವಿಷಯ.

ಜೂನ್ ತಿಂಗಳು. ಇಲ್ಲಿ ಚಳಿಗಾಲ. ಬೆಳಿಗ್ಗೆ ಏಳಾದರೂ ಕತ್ತಲೆ. ನಾನು ಹಿಂದಿನ ಕೋಣೆಯಲ್ಲಿ ಹಾಲಿನ ಕ್ರೇಟು ಎತ್ತಿಡುತ್ತಿದ್ದೆ. ಹೆಂಡತಿ ಕೌಂಟರಿನಲ್ಲಿ ಪೈಗಳನ್ನು ಬಿಸಿಪೆಟ್ಟಿಗೆಗೆ ಜೋಡಿಸುತ್ತಿದ್ದಳು. ಬಾಗಿಲಿನ ಗಂಟೆ ಶಬ್ದ ಆಯ್ತು. ಆಮೇಲೆ ಗಾಜು ಒಡೆದ ಸದ್ದು. ಆಮೇಲೆ ಅವಳ ಧ್ವನಿ. ಹದಿನೈದು ವರ್ಷ ಇಂಗ್ಲಿಷಿನಲ್ಲಿ ವ್ಯಾಪಾರ ಮಾಡಿದವಳು, ಆ ಹೊತ್ತಿಗೆ ಅವಳ ಬಾಯಲ್ಲಿ ಬಂದದ್ದು "ತಗೊಂಡ್ ಹೋಗ್ರಪ್ಪಾ, ತಗೊಂಡ್ ಹೋಗ್ರೋ" ಅಂತ. ನಾನು ಬಾಗಿಲಿಗೆ ಬರುವಷ್ಟರಲ್ಲಿ ಒಬ್ಬ ಕೌಂಟರ್ ಹತ್ತಿ ಒಳಗೆ ಇಳಿದಿದ್ದ. ಇನ್ನೊಬ್ಬನ ಕೈಯಲ್ಲಿ ಸುತ್ತಿಗೆ. ಮುಖಕ್ಕೆ ಬಟ್ಟೆ, ತಲೆಗೆ ಹುಡ್. ಗಲ್ಲಾಪೆಟ್ಟಿಗೆ ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇತ್ತು. ಅದನ್ನು ತಿರುಗಿ ಕೂಡ ನೋಡಲಿಲ್ಲ. ನೇರ ಹಿಂದಿನ ಬೂದು ಬೀರುವಿಗೆ, ಸಿಗರೇಟು ಇಡುವ ಬೀರುವಿಗೆ, ಹೋದರು. ಬೀಗಕ್ಕೆ ಎರಡು ಏಟು. ದಿಂಬಿನ ಗವಸು ಬಿಡಿಸಿ ಹಿಡಿದು, ಅದರೊಳಕ್ಕೆ ಪ್ಯಾಕುಗಳನ್ನು ತೋಳಿನಿಂದ ಬಾಚಿ ಬಾಚಿ ಸುರಿದುಕೊಂಡರು. ಹೆಂಡತಿ ಅಪಾಯದ ಗುಂಡಿ ಒತ್ತಿದ್ದಳು, ಅಷ್ಟರಲ್ಲಿ ಕಳ್ಳರಿಗೆ ಏನೂ ಕಾಣದ ಹಾಗೆ ಅಂಗಡಿ ತುಂಬ ಮಂಜು ಬಿಡುವ ಯಂತ್ರ ಬುಸ್ ಅಂತ ಶುರುವಾಯ್ತು. ಕೆಲವೇ ಕ್ಷಣದಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಆ ಬಿಳಿ ಮಂಜಿನಲ್ಲಿ ಕೊನೆಗೆ ನಾನು ನೋಡಿದ್ದು ಅವನ ಕಾಲು. ಕಪ್ಪು ಬೂಟು. ಶಾಲೆಗೆ ಹಾಕುವ ಬೂಟು. ನನ್ನ ಮಗ ದಿನಾ ಬಾಗಿಲಲ್ಲಿ ಎಡವುವ ಹಾಗೆ ಬಿಟ್ಟು ಹೋಗುತ್ತಾನಲ್ಲ, ಅಂಥದೇ.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಲ್ಲ. ಕ್ಯಾಮೆರಾದಲ್ಲಿ ನೋಡಿದ ಮೇಲೆ ಗೊತ್ತಾಯ್ತು. ನಮಗೆ ಗಾಯ ಆಗಲಿಲ್ಲ. ಪೊಲೀಸರು ಬೇಗ ಬಂದರು, ಚೆನ್ನಾಗಿಯೇ ಮಾತಾಡಿಸಿದರು, ಒಬ್ಬ ಹುಡುಗ ಸಿಕ್ಕಿದ. ಈ ದೇಶದಲ್ಲಿ ಮಕ್ಕಳ ಕೇಸಿಗೆ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ಒಂದು ಕುಟುಂಬ ಸಭೆ ಇದೆ, 1989ರ ಕಾನೂನಿನಿಂದ ಬಂದದ್ದು. ಅದಕ್ಕೆ ನಮ್ಮನ್ನೂ ಕರೆದರು. ನಾನು ಹೋಗಲಿಲ್ಲ, ನನಗೆ ಸಿಟ್ಟು ಇಳಿದಿರಲಿಲ್ಲ. ಅವಳು ಹೋದಳು. ಅಲ್ಲಿ ಆಡಿದ ಮಾತನ್ನು ಹೊರಗೆ ಬರೆಯುವ ಹಾಗಿಲ್ಲ, ಬರೆಯಲ್ಲ. ಮನೆಗೆ ಬಂದು ಅವಳು ಹೇಳಿದ್ದು ಎರಡೇ ಪದ. "ಸಣ್ಣವನು ರೀ."

ಗಲ್ಲಾಪೆಟ್ಟಿಗೆ ಮುಟ್ಟದೆ ಬೀರುವಿಗೇ ಯಾಕೆ ಹೋದ ಅಂತ ಯೋಚಿಸಿದ್ದೀರಾ? ನನ್ನ ಗಲ್ಲಾಪೆಟ್ಟಿಗೆಯಲ್ಲಿ ಬೆಳಿಗ್ಗೆ ಚಿಲ್ಲರೆ ಸೇರಿ ಇನ್ನೂರು ಡಾಲರ್ ಇದ್ದರೆ ಜಾಸ್ತಿ. ಈಗ ಎಲ್ಲರೂ ಕಾರ್ಡೇ ತೋರಿಸುವುದು. ಆ ಬೀರುವಿನಲ್ಲಿ ಇನ್ನೂರು ಪ್ಯಾಕ್ ಇದ್ದರೆ ಎಂಟು ಸಾವಿರ ಡಾಲರ್. ಇಪ್ಪತ್ತು ಸಿಗರೇಟಿನ ಒಂದು ಪ್ಯಾಕಿಗೆ ಇಲ್ಲಿ ಹೆಚ್ಚೂಕಮ್ಮಿ ನಲವತ್ತು ಡಾಲರ್. ಮುರಿಯಲ್ಲ, ಕೆಡಲ್ಲ, ಹೆಸರು ಬರೆದಿರಲ್ಲ, ಜೇಬಿಗೆ ಹಿಡಿಯುತ್ತದೆ, ಯಾವ ಬೀದಿಯಲ್ಲಾದರೂ ಅರ್ಧ ಬೆಲೆಗೆ ತಕ್ಷಣ ಹೋಗುತ್ತದೆ. ಇದು ಸಿಗರೇಟಲ್ಲ ಸ್ವಾಮಿ, ನೋಟಿನ ಕಟ್ಟು. ನೋಟಿಗಾದರೂ ನಂಬರ್ ಇರುತ್ತೆ.

ಮಂತ್ರಿಗಳೇ, ಈ ನೋಟು ಅಚ್ಚು ಹಾಕಿದವರು ನೀವು. ಬೈಯ್ಯುತ್ತಿಲ್ಲ, ಲೆಕ್ಕ ಹೇಳುತ್ತಿದ್ದೇನೆ. 2010ರಿಂದ 2020ರವರೆಗೆ ಹತ್ತು ವರ್ಷ, ಹಣದುಬ್ಬರದ ಏರಿಕೆ ಮೇಲೆ ಪ್ರತಿ ಸಲ ಶೇಕಡ 10ರಷ್ಟು ತಂಬಾಕು ತೆರಿಗೆ ಏರಿಸುತ್ತಾ ಬಂದಿರಿ. ಉದ್ದೇಶ ಒಳ್ಳೆಯದು, ಫಲವೂ ಸಿಕ್ಕಿತು. 2011-12ರಲ್ಲಿ ದಿನಾ ಸಿಗರೇಟು ಸೇದುವವರು ನೂರಕ್ಕೆ ಹದಿನಾರು ಜನ ಇದ್ದರು, ಈಗ ಏಳರ ಆಸುಪಾಸು. ನನ್ನ ಕಣ್ಣೆದುರೇ ಎಷ್ಟೋ ಗಿರಾಕಿಗಳು ಬಿಟ್ಟರು, ಸಂತೋಷ. ಆದರೆ ನಲವತ್ತು ಡಾಲರಿನ ಪ್ಯಾಕಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನಿಮ್ಮ ಬೊಕ್ಕಸಕ್ಕೆ ಹೋಗುತ್ತದೆ. ಕಂಪನಿ ತನ್ನ ಪಾಲು ಹಿಡಿದುಕೊಳ್ಳುತ್ತದೆ. ನನಗೆ ಎರಡು ಮೂರು ಡಾಲರ್. ಆ ನಲವತ್ತು ಡಾಲರನ್ನು ಕಾಯುವ ಕೆಲಸ ಮಾತ್ರ ಪೂರ್ತಿ ನನ್ನದು, ನನ್ನ ಹೆಂಡತಿಯದು, ಸಂಜೆ ಬರುವ ಓದುವ ಹುಡುಗನದು.

ಇದು ನನಗೆ ಜಾಸ್ತಿ ಚುಚ್ಚುವುದಕ್ಕೆ ಇನ್ನೊಂದು ಕಾರಣ ಇದೆ. ನಾನು ಹೊಗೆಸೊಪ್ಪಿನ ಮನೆಯವನು. ಪಿರಿಯಾಪಟ್ಟಣ, ಹುಣಸೂರು ಕಡೆ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ಅಪ್ಪನಿಗೆ ತಂಬಾಕು ಮಂಡಳಿಯ ಲೈಸೆನ್ಸ್ ಇತ್ತು, ಸೊಪ್ಪು ಹದ ಮಾಡುವ ಒಂದು ಬ್ಯಾರನ್ ಇತ್ತು. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಸಾಲು ಸಾಲಾಗಿ ಒಳಗೆ ತೂಗುಹಾಕಿ, ಕೆಳಗೆ ಸೌದೆ ಬೆಂಕಿ. ಸುಮಾರು ಒಂದು ವಾರ ಹಗಲು ರಾತ್ರಿ ಕಾಯಬೇಕು. ಶಾಖ ಸ್ವಲ್ಪ ಏರಿದರೂ ಎಲೆ ಕಪ್ಪಾಗುತ್ತೆ, ಇಳಿದರೂ ಹಾಳು. ಅಪ್ಪ ಬ್ಯಾರನ್ ಬಾಗಿಲಲ್ಲಿ ಕಂಬಳಿ ಹೊದ್ದು ಕೂತಿರುತ್ತಿದ್ದರು. ಆಮೇಲೆ ಬೇಲು ಕಟ್ಟಿ ಹರಾಜಿಗೆ. ಕೆಲವು ವರ್ಷದ ಹಿಂದಿನವರೆಗೂ ನಮ್ಮ ಅಣ್ಣನಿಗೆ ಒಳ್ಳೇ ಸೊಪ್ಪಿಗೆ ಕೆಜಿಗೆ ಇನ್ನೂರು, ಇನ್ನೂರೈವತ್ತು ರೂಪಾಯಿ ಸಿಕ್ಕರೆ ಆ ವರ್ಷ ಮನೆಯಲ್ಲಿ ಹಬ್ಬ ಆಗುತ್ತಿತ್ತು. ಒಂದು ಸಿಗರೇಟಿಗೆ ಮುಕ್ಕಾಲು ಗ್ರಾಮಿನಷ್ಟು ತಂಬಾಕು ಅಂತ ಹಿಡಿದರೂ ಒಂದು ಕೆಜಿಯಲ್ಲಿ ಅರವತ್ತೈದು ಎಪ್ಪತ್ತು ಪ್ಯಾಕು. ಇಲ್ಲಿನ ಬೆಲೆಗೆ ಎರಡೂವರೆ ಸಾವಿರ ಡಾಲರಿಗಿಂತ ಮೇಲೆ. ನಮ್ಮ ದುಡ್ಡಲ್ಲಿ ಲಕ್ಷ ದಾಟಿತು. ಅಪ್ಪ ಕಾದದ್ದು ಎಲೆ ಸುಡದ ಹಾಗೆ. ನಾನು ಕಾಯುವುದು ತಲೆ ಒಡೆಯದ ಹಾಗೆ.

ನೀವು ಏನೂ ಮಾಡಿಲ್ಲ ಅಂತ ಹೇಳಲ್ಲ. 2012ರ ಜುಲೈಯಲ್ಲಿ ಸಿಗರೇಟನ್ನು ಗಿರಾಕಿಗೆ ಕಾಣದ ಹಾಗೆ ಬೀರುವಿನಲ್ಲಿ ಮುಚ್ಚಿಡಬೇಕು ಅಂದಿರಿ, ಮುಚ್ಚಿಟ್ಟೆವು. 2018ರಲ್ಲಿ ಎಲ್ಲ ಬ್ರ್ಯಾಂಡಿಗೂ ಒಂದೇ ಮಂಕು ಬಣ್ಣದ ಪ್ಯಾಕು ಬಂತು. ಅದೆಲ್ಲ ಸೇದುವವರನ್ನು ತಡೆಯೋಕೆ, ಕದಿಯುವವರನ್ನಲ್ಲ. ಕದಿಯುವವನಿಗೆ ಇನ್ನೂ ಸಲೀಸಾಯ್ತು, ಮುಚ್ಚಿದ ಬೂದು ಬೀರು ಇದ್ದ ಕಡೆ ಮಾಲಿದೆ ಅಂತ ಎಲ್ಲ ಅಂಗಡಿಯಲ್ಲೂ ಒಂದೇ ಗುರುತು. 2017ರಲ್ಲಿ ದರೋಡೆ ಜಾಸ್ತಿಯಾದಾಗ ಅರ್ಧ ನೀವು ಹಾಕಿ, ಅರ್ಧ ನಾವು ಹಾಕ್ತೀವಿ ಅಂತ ಒಂದು ನಿಧಿ ಮಾಡಿದಿರಿ. 2022ರ ನವೆಂಬರ್ ಕೊನೆಯಲ್ಲಿ, ಮಂಜಿನ ಯಂತ್ರ ಬೇಕು ಅನ್ನುವ ಪ್ರತಿ ಸಣ್ಣ ಅಂಗಡಿಗೂ ನಾಲ್ಕು ಸಾವಿರ ಡಾಲರ್ ಕೊಡ್ತೀವಿ ಅಂದಿರಿ. ನಮ್ಮ ಅಂಗಡಿಯ ಸೂರಿನ ಮೇಲಿರುವ ಡಬ್ಬ ಅದೇ ದುಡ್ಡಿನದು. ಅದಕ್ಕೆ ಕೃತಜ್ಞತೆ ಇದೆ.

ಆದರೆ ಅದು ಯಾವಾಗ ಬಂತು? ಆಕ್ಲೆಂಡಿನದೇ ಸ್ಯಾಂಡ್ರಿಂಗ್ಯಾಮಿನ ಡೈರಿಯಲ್ಲಿ ಮೂವತ್ನಾಲ್ಕರ ಹುಡುಗನೊಬ್ಬ ಸತ್ತ ಮೇಲೆ. ಮಾಲೀಕರು ಊರಿಗೆ ಹೋಗಿದ್ದರು, ಅವನು ಅಂಗಡಿ ನೋಡಿಕೊಳ್ಳುತ್ತಿದ್ದ, ಹೊಸದಾಗಿ ಮದುವೆಯಾಗಿತ್ತು. ಅಲ್ಲಿ ಕಳ್ಳ ಒಯ್ದದ್ದು ಸಿಗರೇಟಲ್ಲ, ಗಲ್ಲಾಪೆಟ್ಟಿಗೆ, ಅದನ್ನೂ ಹೇಳಬೇಕು. ಹುಡುಗ ಕಳ್ಳನ ಹಿಂದೆ ಅಂಗಡಿಯಿಂದ ಹೊರಗೆ ಹೋದ. ರಸ್ತೆಯಲ್ಲಿ ಅವನಿಗೆ ಚಾಕುವಿನ ಇರಿತ ಬಿತ್ತು. ಅದಕ್ಕೂ ಮೊದಲು, 2014ರ ಜೂನಿನಲ್ಲಿ, ಹೆಂಡರ್ಸನ್‌ನಲ್ಲಿ ಡೈರಿ ನಡೆಸುತ್ತಿದ್ದ ನಮ್ಮವರೊಬ್ಬರನ್ನು ಹದಿಮೂರು ವರ್ಷದ ಹುಡುಗ ಕುತ್ತಿಗೆಗೆ ಇರಿದು ಕೊಂದಿದ್ದ. ಹದಿಮೂರು. ಆಗಲೂ ಹೂವು ಇಟ್ಟೆವು, ಮೇಣದಬತ್ತಿ ಹಚ್ಚಿದೆವು. ಪ್ರತಿ ಸಲ ಒಬ್ಬ ಸಾಯಬೇಕು, ಆಮೇಲೆ ಒಂದು ನಿಧಿ ಬರಬೇಕು. ಈ ಕ್ರಮ ನನಗೆ ಸರಿ ಕಾಣಲ್ಲ.

ಮಂಜಿನ ಯಂತ್ರ ಒಳ್ಳೆಯದೇ, ಅಂದು ಬೀರುವಿನಲ್ಲಿ ಅರ್ಧ ಮಾಲು ಉಳಿದದ್ದು ಅದರಿಂದಲೇ. ಆದರೆ ಅದು ಕೆಲಸ ಮಾಡುವುದು ಸುತ್ತಿಗೆ ಒಳಗೆ ಬಂದ ಮೇಲೆ. ಬಾಗಿಲ ಮುಂದೆ ನೆಟ್ಟ ಕಬ್ಬಿಣದ ಕಂಬ ಕಾರು ನುಗ್ಗಿಸುವುದನ್ನು ತಡೆಯುತ್ತದೆ, ಕಾಲ್ನಡಿಗೆಯಲ್ಲಿ ಬಂದವನನ್ನಲ್ಲ. ಒಳಗೆ ಬರಬೇಕು ಅಂತಲೇ ಅನಿಸದ ಹಾಗೆ ಮಾಡುವುದು ಬೇರೆ ಕೆಲಸ. ಅದರ ಬಗ್ಗೆ ಮಾತೇ ಇಲ್ಲ.

ಈಗ ಹೊಸ ಮಾತು ಕೇಳ್ತಿದೆ. ಕದ್ದವನನ್ನು ನಾವೇ ಹಿಡಿಯಬಹುದು, ಯಾವ ಹೊತ್ತಿನಲ್ಲಾದರೂ, ಎಷ್ಟೇ ಬೆಲೆಯ ಮಾಲಾದರೂ, ಅಂತ ಕಾನೂನು ಸಡಿಲ ಮಾಡುವ ಮಾತು 2025ರಲ್ಲಿ ನಿಮ್ಮ ಕಡೆಯಿಂದಲೇ ಬಂತು. ಅಂಗಡಿಯವರಲ್ಲಿ ಕೆಲವರಿಗೆ ಇದು ಇಷ್ಟ. ಕೌಂಟರ್ ಕೆಳಗೆ ಹಾಕಿ ಸ್ಟಿಕ್ ಇಟ್ಟವರು ನಮ್ಮಲ್ಲಿ ಎಷ್ಟೋ ಜನ, ನಾನೂ ಒಂದು ಕಾಲದಲ್ಲಿ ಇಟ್ಟಿದ್ದೆ. ಮಂತ್ರಿಗಳೇ, ನನ್ನ ಹೆಂಡತಿ ಐದಡಿ ಒಂದಿಂಚು. ಮಂಡಿ ನೋವು. ಅವಳು ಯಾರನ್ನು ಹಿಡಿಯಬೇಕು? ಹಿಡಿಯಲು ಹೋದರೆ ಏನಾಗುತ್ತದೆ ಅಂತ ಸ್ಯಾಂಡ್ರಿಂಗ್ಯಾಮಿನಲ್ಲಿ ನೋಡಿದ್ದೇವಲ್ಲ. ಕದ್ದದ್ದು ಹೋಗಲಿ. ದಯವಿಟ್ಟು ಪೊಲೀಸರ ಕೆಲಸವನ್ನು ಪೈ ಮಾರುವವರ ಕೊರಳಿಗೆ ಕಟ್ಟಬೇಡಿ.

ಇನ್ನು ಅಂಗಡಿ ಕಡಿಮೆ ಮಾಡುವ ವಿಷಯ. 2022ರ ಡಿಸೆಂಬರಿನಲ್ಲಿ ಹಿಂದಿನ ಸರ್ಕಾರ ಒಂದು ಕಾನೂನು ಮಾಡಿತ್ತು. ತಂಬಾಕು ಮಾರುವ ಸುಮಾರು ಆರು ಸಾವಿರ ಅಂಗಡಿಯನ್ನು ಆರುನೂರಕ್ಕೆ ಇಳಿಸುವುದು, ಸಿಗರೇಟಿನಲ್ಲಿ ನಿಕೋಟಿನ್ ತೀರಾ ಕಡಿಮೆ ಮಾಡುವುದು, 2009ರ ಜನವರಿ 1ರಿಂದ ಈಚೆ ಹುಟ್ಟಿದವರಿಗೆ ಎಂದೂ ಮಾರದಿರುವುದು. ಆಗ ನಾನೂ ಎಗರಾಡಿದವನೇ. ವ್ಯಾಪಾರ ಮುಳುಗಿತು ಅಂತ ಸಹಿ ಹಾಕಿದ್ದೂ ಉಂಟು. 2024ರ ಫೆಬ್ರವರಿಯಲ್ಲಿ ನೀವು ಬಂದು ಅದನ್ನು ತೆಗೆದು ಹಾಕಿದಿರಿ. ಒಂದು ಊರಿಗೆ ಒಂದೇ ಅಂಗಡಿಯಲ್ಲಿ ಸಿಗರೇಟು ಇಟ್ಟರೆ ಅದು ಕಳ್ಳರನ್ನು ಅಯಸ್ಕಾಂತದ ಹಾಗೆ ಎಳೆಯುತ್ತದೆ ಅಂತ ಪ್ರಧಾನಿ ಲಕ್ಸನ್ ಹೇಳಿದ್ದರು. ಆ ದಿನ ನನಗೆ ಹೌದಲ್ವಾ ಅನ್ನಿಸಿತ್ತು. ಜೂನಿನ ಆ ಬೆಳಿಗ್ಗೆ ಆದಮೇಲೆ ಗಾಜು ಗುಡಿಸುತ್ತಾ ಯೋಚನೆ ಮಾಡಿದೆ. ಈಗ ಅಯಸ್ಕಾಂತ ಇಲ್ವಾ? ಇದೆ. ಸಾವಿರಾರು ಇದೆ. ಒಂದೊಂದರ ಹಿಂದೆ ಒಬ್ಬರೇ ನಿಂತಿದ್ದಾರೆ. ಆರುನೂರು ಅಂಗಡಿಯಾದರೆ ಪ್ರತಿಯೊಂದಕ್ಕೂ ಉಕ್ಕಿನ ಬಾಗಿಲು ಹಾಕಬಹುದು, ಕಾವಲು ಇಡಬಹುದು, ಪೊಲೀಸ್ ಠಾಣೆಯ ಪಕ್ಕದಲ್ಲೇ ಇಡಬಹುದು. ಬ್ಯಾಂಕನ್ನು ನಾವು ಪ್ರತಿ ಬೀದಿಯ ಮೂಲೆಗೂ ಮರದ ಬೀರುವಿನಲ್ಲಿ ಇಡುತ್ತೇವಾ? ನಾನು ಆಗ ಹಾಕಿದ ಸಹಿ ತಪ್ಪು. ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಸರಿ, ಅದು ವಾಪಸ್ ಬರುವ ಲಕ್ಷಣ ಕಾಣಲ್ಲ. ಹಾಗಾದರೆ ಅಂಗಡಿಯಲ್ಲೇ ಇರುವ ತನಕ ಏನು ಮಾಡಬಹುದು ಅಂತ ಹೇಳುತ್ತೇನೆ, ಕೇಳಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಔಷಧಿ ಅಂಗಡಿಗಳಿಗೆ ಇದೇ ಗೋಳಿತ್ತು. ನೋವಿನ ಮಾತ್ರೆಗೆ, ಅಮಲಿನ ಮಾತ್ರೆಗೆ ಚಾಕು ಹಿಡಿದು ಬರುತ್ತಿದ್ದರು. 2015ರಲ್ಲಿ ಅಲ್ಲಿನ ಔಷಧಿ ಅಂಗಡಿಗಳಿಗೆಲ್ಲ ಒಂದು ನಿಯಮ ಬಂತು. ಆ ಮಾತ್ರೆಗಳು ತಡಬೀಗದ ತಿಜೋರಿಯಲ್ಲೇ ಇರಬೇಕು. ಕೋಡ್ ಒತ್ತಿದರೂ ತಕ್ಷಣ ತೆರೆಯಲ್ಲ, ಕೆಲವು ನಿಮಿಷ ಕಾಯಲೇಬೇಕು. ಅಂಗಡಿಯವನ ಕುತ್ತಿಗೆ ಹಿಡಿದರೂ ಅಷ್ಟೇ, ಅವನ ಕೈಯಲ್ಲೂ ಇಲ್ಲ. ಅದನ್ನು ಬಾಗಿಲಲ್ಲೇ ಬೋರ್ಡು ಹಾಕಿ ಹೇಳಬೇಕು. ದರೋಡೆ ಚೆನ್ನಾಗಿಯೇ ಇಳಿಯಿತು. ಆಮೇಲೆ ಕೆನಡಾದ ಬೇರೆ ಪ್ರಾಂತಗಳೂ ಅದನ್ನೇ ಹಿಡಿದವು. ಇದರ ಗುಟ್ಟು ಏನು ಅಂದರೆ, ಒಂದು ನಿಮಿಷದ ಕೆಲಸಕ್ಕೆ ಬಂದವನಿಗೆ ಹತ್ತು ನಿಮಿಷ ಇರಲ್ಲ. ಮತ್ತೆ, ಎಲ್ಲ ಅಂಗಡಿಗೂ ಒಂದೇ ನಿಯಮ ಇದ್ದದ್ದರಿಂದ ಈ ಅಂಗಡಿ ಬಿಟ್ಟು ಆ ಅಂಗಡಿಗೆ ಹೋಗುವ ಆಸೆಯೂ ಉಳಿಯಲಿಲ್ಲ. ಒಬ್ಬ ಮಾತ್ರ ತಿಜೋರಿ ಹಾಕಿದರೆ ಸುತ್ತಿಗೆ ಪಕ್ಕದ ರಸ್ತೆಗೆ ಹೋಗುತ್ತೆ ಅಷ್ಟೇ.

ಹಾಗೇ ಡೈರಿಗೂ ಮಾಡಿ. ಕೌಂಟರಿನಲ್ಲಿ ಆರೇಳು ಪ್ಯಾಕು, ಮಿಕ್ಕದ್ದೆಲ್ಲ ತಡಬೀಗದಲ್ಲಿ. ಗಿರಾಕಿ ಕೇಳಿದ ಬ್ರ್ಯಾಂಡ್ ಇಲ್ಲದಿದ್ದರೆ ಕಾಯಲಿ, ಪೈ ತಿನ್ನಲಿ. ನಾರ್ವೆ, ಸ್ವೀಡನ್ ಕಡೆಯ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗರೇಟು ಉಕ್ಕಿನ ಯಂತ್ರದೊಳಗೆ ಇರುತ್ತದೆ, ದುಡ್ಡು ಕೊಟ್ಟ ಮೇಲೆ ಅದು ಒಂದು ಪ್ಯಾಕು ಉಗುಳುತ್ತದೆ, ಮಾರುವವನ ಕೈಗೆ ರಾಶಿ ಸಿಗುವುದೇ ಇಲ್ಲ. ಅದೂ ಆಗಬಹುದು. ಖರ್ಚು ಯಾರದು ಅಂತೀರಾ? ತಂಬಾಕು ತೆರಿಗೆಯಿಂದ ವರ್ಷಕ್ಕೆ ನೂರು ಕೋಟಿ ಡಾಲರಿಗಿಂತ ಎಷ್ಟೋ ಜಾಸ್ತಿ ನಿಮಗೆ ಬರುತ್ತದೆ. ಅದರ ಒಂದು ಚೂರು ಈ ಬೀರುವಿಗೆ ವಾಪಸ್ ಬರಲಿ. ಇದು ದಾನ ಅಲ್ಲ. ನಿಮ್ಮ ವಸೂಲಿ ಕಟ್ಟೆಯಲ್ಲಿ ಕೂತಿರುವ ಗುಮಾಸ್ತ ನಾನು, ಸಂಬಳ ಬೇಡ, ಬೀಗ ಕೊಡಿ.

ಅಂಗಡಿಯಲ್ಲಿ ಇಬ್ಬರು ಇದ್ದರೆ ಒಳ್ಳೆಯದು ಅನ್ನುವ ವಾದ ಹಳೆಯದು. ಅಮೆರಿಕದ ಫ್ಲೋರಿಡಾದಲ್ಲಿ ಗೇನ್ಸ್‌ವಿಲ್ ಅನ್ನುವ ಊರಿನಲ್ಲಿ 1986-87ರ ಹೊತ್ತಿಗೇ ಮೂಲೆ ಅಂಗಡಿಗಳಿಗೆ ನಿಯಮ ಮಾಡಿದ್ದರು. ಕಿಟಕಿಗೆ ಪೋಸ್ಟರ್ ಅಂಟಿಸಬೇಡಿ, ಕೌಂಟರ್ ಹೊರಗಿನಿಂದ ಕಾಣಲಿ, ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಡಿಮೆ ಇರಲಿ, ರಾತ್ರಿ ಇಬ್ಬರು ಇರಲಿ. ದರೋಡೆ ಕಡಿಮೆಯಾಯಿತು. ಇಬ್ಬರಿದ್ದುದರಿಂದಲೋ, ಅದೇ ಹೊತ್ತಿಗೆ ಪೊಲೀಸರು ಕಳ್ಳರ ಗುಂಪು ಹಿಡಿದದ್ದರಿಂದಲೋ ಅಂತ ಆಮೇಲೆ ಜಗಳವೂ ಆಯ್ತು. ನನಗನ್ನಿಸುವುದು, ಕಿಟಕಿಯ ಮಾತು ತಳ್ಳಿಹಾಕುವಂಥದ್ದಲ್ಲ. ಖರ್ಚೇ ಇಲ್ಲದ ಕೆಲಸ. ನಾನು ಕಿಟಕಿಯ ಮೇಲಿದ್ದ ಐಸ್‌ಕ್ರೀಮ್ ಚಿತ್ರಗಳನ್ನೆಲ್ಲ ಕೆರೆದು ತೆಗೆದೆ. ಈಗ ಎದುರು ಮನೆಯ ಅಜ್ಜಿಗೆ ನಾನು ಮೂಗು ಒರೆಸಿಕೊಳ್ಳುವುದೂ ಕಾಣುತ್ತದೆ. ಇಬ್ಬರನ್ನು ಇಡುವುದು ಮಾತ್ರ ಡೈರಿಯ ಆದಾಯದಲ್ಲಿ ಕಷ್ಟ, ಸುಳ್ಳು ಹೇಳಲ್ಲ.

ಕದ್ದ ಮಾಲು ಕೊಳ್ಳುವವರಿದ್ದಾರಲ್ಲ, ಅವರನ್ನು ಯಾರೂ ಮುಟ್ಟಲ್ಲ. ನನ್ನ ಅಂಗಡಿಗೇ ಬಂದು, "ನಲವತ್ತಾ? ಹೊರಗೆ ಇಪ್ಪತ್ತಕ್ಕೆ ಸಿಗುತ್ತಲ್ಲ" ಅಂತ ಚೌಕಾಸಿ ಮಾಡಿದವರಿದ್ದಾರೆ. ಮಾತಾಡಿಸಿದರೆ ಒಳ್ಳೇ ಜನ. ಯಾವ ಅಂಗಡಿಯ ಗಾಜು ಒಡೆದು ಬಂದದ್ದು ಇಪ್ಪತ್ತರ ಪ್ಯಾಕು ಅಂತ ಅವರಿಗೆ ಹೊಳೆಯುವುದೇ ಇಲ್ಲ. ಆ ಹುಡುಗರು ಅಷ್ಟೊಂದು ಪ್ಯಾಕ್ ಸೇದೋಕೆ ಒಯ್ಯಲಿಲ್ಲ, ಒಬ್ಬ ದೊಡ್ಡವನು ಎಲ್ಲೋ ಕಾದಿದ್ದ. ಹಿಡಿಯಬೇಕಾದ್ದು ಅವನನ್ನು. ಯುರೋಪಿನಲ್ಲಿ 2019ರ ಮೇ ತಿಂಗಳಿಂದ ಪ್ರತಿ ಸಿಗರೇಟು ಪ್ಯಾಕಿಗೂ ಅದರದ್ದೇ ಒಂದು ಗುರುತಿನ ಸಂಖ್ಯೆ ಇದೆ, ಯಾವ ಕಾರ್ಖಾನೆಯಿಂದ ಯಾವ ಅಂಗಡಿಗೆ ಹೋಯ್ತು ಅಂತ ತಿಳಿಯುತ್ತದೆ. ಇಲ್ಲೂ ತನ್ನಿ. ಆಗ ನನ್ನ ಬೀರುವಿನಿಂದ ಹೋದ ಪ್ಯಾಕು ಯಾರದೋ ಗ್ಯಾರೇಜಿನಲ್ಲಿ ಸಿಕ್ಕರೆ ಅದು ನನ್ನದೇ ಅಂತ ಗೊತ್ತಾಗುತ್ತದೆ. ಇಲ್ಲವಾದರೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ, ಪಕ್ಕದ ಆಸ್ಟ್ರೇಲಿಯಾ ಇದೆ. ಕಳ್ಳ ಸಿಗರೇಟಿನ ಗುಂಪುಗಳು ಕಿತ್ತಾಡಿ ವಿಕ್ಟೋರಿಯಾದಲ್ಲಿ 2023ರಿಂದ ನೂರಕ್ಕೂ ಹೆಚ್ಚು ಕಡೆ ಬೆಂಕಿ ಹಚ್ಚಿದ್ದಾರೆ. ಅಂಗಡಿಗೇ ಬೆಂಕಿ. ನಮಗೆ ಇನ್ನೂ ಸುತ್ತಿಗೆಯಲ್ಲೇ ಇದೆ ಅನ್ನುವುದೇ ಪುಣ್ಯ.

ಒಂದು ತಮಾಷೆ ಹೇಳ್ತೀನಿ. ನನ್ನ ಡೈರಿಯಲ್ಲಿ ಬಿಯರ್ ಮಾರುವ ಹಾಗಿಲ್ಲ. ಡೈರಿಗೆ ಮದ್ಯದ ಲೈಸೆನ್ಸೇ ಕೊಡಲ್ಲ ಅಂತ ನಿಮ್ಮ ಕಾನೂನು ಹೇಳುತ್ತೆ. ಸಿಗರೇಟಿಗೆ ಅಂಥ ಲೈಸೆನ್ಸಿನ ಗೊಡವೆಯೇ ಇಲ್ಲ. ನಾಳೆ ಬೆಳಿಗ್ಗೆ ಯಾರು ಬೇಕಾದರೂ ಅಂಗಡಿ ತೆಗೆದು ಬೀರು ತುಂಬಬಹುದು. ಲೈಸೆನ್ಸ್ ತನ್ನಿ. ತಿಜೋರಿ ಇಲ್ಲದವನಿಗೆ, ಒಬ್ಬನೇ ಹುಡುಗನನ್ನು ರಾತ್ರಿ ಪಾಳಿಗೆ ನಿಲ್ಲಿಸುವವನಿಗೆ ಕೊಡಬೇಡಿ. ಬಿಟ್ಟುಬಿಡ್ತೀನಿ ಅನ್ನುವವನಿಗೆ ಒಂದಿಷ್ಟು ದುಡ್ಡು ಕೊಟ್ಟು ಬಿಡಿಸಿ. ಕೆಲವರು ಕಾದು ಕೂತಿದ್ದಾರೆ, ನನಗೆ ಗೊತ್ತು.

ಆದರೂ ಬಿಡಲು ಹೆದರುತ್ತಾರೆ. ಯಾಕೆಂದರೆ ನಮ್ಮವರೇ ಹೇಳುವ ಮಾತು, ಸಿಗರೇಟು ತೆಗೆದರೆ ಗಿರಾಕಿ ಹೋಗ್ತಾನೆ, ಸಿಗರೇಟಿಗೆ ಬಂದವನು ಹಾಲೂ ಒಯ್ತಾನೆ. ಕಂಪನಿಯ ಪ್ರತಿನಿಧಿಯೂ ಇದನ್ನೇ ಹೇಳೋದು. ನಾನೂ ನಂಬಿದ್ದೆ. ಮೂರು ವಾರ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟು ಗೆರೆ ಎಳೆಯುತ್ತಾ ಹೋದೆ, ಸಿಗರೇಟು ಮಾತ್ರ ಒಯ್ದವರಿಗೆ ಒಂದು ಕಡೆ, ಜೊತೆಗೆ ಬೇರೆ ಏನಾದರೂ ಒಯ್ದವರಿಗೆ ಇನ್ನೊಂದು ಕಡೆ. ಅರ್ಧಕ್ಕಿಂತ ಜಾಸ್ತಿ ಜನ ಸಿಗರೇಟು ತಗೊಂಡು ಸುಮ್ನೆ ಹೋದರು. ಹಾಲಿಗೆ ಬರುವವರು ಬೇರೆ, ಅವರು ಹೇಗಿದ್ದರೂ ಬರುತ್ತಾರೆ. ಮಾಲಿನಲ್ಲಿ ಸಾವಿರಾರು ಡಾಲರ್ ಕಟ್ಟಿಹಾಕಿ, ಎರಡು ಮೂರು ಡಾಲರಿನ ಲಾಭಕ್ಕೆ, ವಿಮೆಯ ಕಂತು ಏರಿಸಿಕೊಂಡು, ರಾತ್ರಿ ಕಾರಿನ ಸದ್ದಾದರೆ ಎದ್ದು ಕೂತು ಕ್ಯಾಮೆರಾ ನೋಡುವುದು. ಅಂಗಡಿ ಇಟ್ಟಿರುವ ನಮ್ಮವರೇ, ಒಂದು ಸಲ ಪೆನ್ನು ಹಿಡಿದು ಲೆಕ್ಕ ಹಾಕಿ. ನನಗೆ ಗಿಟ್ಟಲಿಲ್ಲ. ನಿಮಗೆ ಗಿಟ್ಟಬಹುದು.

ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಎರಡು ಮಾತು. ವಾರಕ್ಕೆ ಇಷ್ಟು ಗಂಟೆ ಅಂತ ನಿಮಗೆ ಕೆಲಸ ಮಾಡಲು ಬಿಡುತ್ತಾರೆ, ಮೊದಲು ಸಿಗುವ ಕೆಲಸ ಹೆಚ್ಚಾಗಿ ಇಂಥ ಅಂಗಡಿಯದೇ. ಒಳ್ಳೆಯ ಕೆಲಸ, ಬೇಡ ಅನ್ನಲ್ಲ. ಸೇರುವ ಮೊದಲು ನಾಚಿಕೆ ಬಿಟ್ಟು ಕೇಳಿ. ಗುಂಡಿ ಎಲ್ಲಿದೆ, ಸಂಜೆ ಜೊತೆಗೆ ಯಾರಿರ್ತಾರೆ, ಸಿಗರೇಟು ಎಷ್ಟಿಡ್ತೀರಾ, ಕಳುವಾದರೆ ನನ್ನ ಸಂಬಳದಲ್ಲಿ ಹಿಡೀತೀರಾ ಅಂತ. ಕೊನೆಯದಕ್ಕೆ ಮಾಲೀಕ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ, ಅವನು ನಮ್ಮೂರಿನವನೇ ಆಗಿದ್ದರೂ. ಯಾರಾದರೂ ಬಂದರೆ ಕೊಟ್ಟುಬಿಡಿ. ಎರಡೂ ಕೈ ಕಾಣುವ ಹಾಗೆ ಇಟ್ಟುಕೊಂಡು ಹಿಂದೆ ಸರಿಯಿರಿ. ಅವರು ಹೊರಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು 111ಕ್ಕೆ ಫೋನ್ ಮಾಡಿ. ಹಿಂದೆ ಓಡಬೇಡಿ. ಓಡಬೇಡಿ. ಊರಲ್ಲಿ ಅಮ್ಮನಿಗೆ ಸಿಗರೇಟಿನ ಲೆಕ್ಕ ಬೇಕಿಲ್ಲ.

ಇನ್ನು ನನ್ನ ವಿಷಯ. ನಾನು ಸಿಗರೇಟು ಮಾರುವುದನ್ನು ಬಿಡುತ್ತಿದ್ದೇನೆ. ಇದರಲ್ಲಿ ದೊಡ್ಡಸ್ತಿಕೆ ಏನೂ ಇ‌ಲ್ಲ. ಅಂಗಡಿ ಸಾಲ ಹೋದ ವರ್ಷ ತೀರಿತು, ಮಗಳು ಓದು ಮುಗಿಸುತ್ತಿದ್ದಾಳೆ, ಆದ್ದರಿಂದ ಬಿಡಬಲ್ಲೆ. ಎರಡು ರಸ್ತೆ ಆಚೆ ಇರುವ ನನ್ನ ಗೆಳೆಯ ಹೋದ ವರ್ಷ ಅಂಗಡಿ ಕೊಂಡವನು, ಅವನಿಗೆ ಆಗಲ್ಲ. ನಾನು ಬಿಟ್ಟರೆ ನನ್ನ ಗಿರಾಕಿಗಳು ಅವನ ಹತ್ತಿರ ಹೋಗ್ತಾರೆ, ಬಹುಶಃ ಸುತ್ತಿಗೆಯೂ. ಅದಕ್ಕೇ ಒಬ್ಬೊಬ್ಬರಾಗಿ ಬಿಡುವುದು ಸಾಲದು, ಅದಕ್ಕೇ ನಿಮಗೆ ಇಷ್ಟು ಉದ್ದ ಬರೆದದ್ದು.

ಹೋದ ಮಂಗಳವಾರ ಪ್ರತಿನಿಧಿ ಬಂದಿದ್ದ. ಈ ಸಲ ಆರ್ಡರ್ ಇಲ್ಲ, ಇರುವುದು ಖಾಲಿಯಾದರೆ ಮುಗೀತು ಅಂದೆ. ಟೀ ಕುಡಿದು ಹೋದ. ಬೀರುವಿನಲ್ಲಿ ಈಗ ಮೂವತ್ತು ಪ್ಯಾಕು ಇರಬಹುದು. ಆ ಜಾಗದಲ್ಲಿ ಏನಿಡೋದು ಅಂತ ಮನೆಯಲ್ಲಿ ಚರ್ಚೆ ನಡೀತಿದೆ. ರಾಗಿ ಹಿಟ್ಟು, ಸಾರಿನ ಪುಡಿ, ಅವಲಕ್ಕಿ ಅಂತ ಅವಳು. ಈ ಕಡೆ ಈಗ ನಮ್ಮ ಹುಡುಗರು ಜಾಸ್ತಿ ಇದ್ದಾರೆ, ಹೋಗುತ್ತೆ ಅಂತಾಳೆ. ಮಗನಿಗೆ ಅಲ್ಲಿ ಚಿಪ್ಸೇ ಬೇಕು.

ಬೀಗ ಇನ್ನೂ ಹಾಕಿಲ್ಲ, ಒಡೆದದ್ದು ಒಡೆದ ಹಾಗೇ ಇದೆ. ಬಾಗಿಲಿಗೆ ಮಾತ್ರ ಒಂದು ಬೋರ್ಡ್ ಬೇಕಿತ್ತು, ಇಲ್ಲಿ ತಂಬಾಕು ಇಲ್ಲ ಅಂತ. ಬೋರ್ಡ್ ಬರೆಯುವವನು ಅಳತೆ ಟೇಪು ಹಿಡಿದು ನಿಂತು ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಕೇಳಿದ. ಓಡುವ ಕಾರಿನಿಂದ, ಕತ್ತಲಲ್ಲಿ, ಓದು ಸರಿಯಾಗಿ ಬಾರದ ಹುಡುಗನಿಗೂ ಕಾಣುವಷ್ಟು ಅಂದೆ.

ಇತಿ,
ದಕ್ಷಿಣ ಆಕ್ಲೆಂಡಿನ ಒಬ್ಬ ಡೈರಿಯವನು